ಬೆಳ್ಳುಳ್ಳಿ ಜಡೆಯ ಕಪ್ತಾನ

ನಾಜ್ಲಿ ಹಡಗಿನ ಹಿಂಬದಿಯ ಕಂಬಿಗೆ ಯಾರೋ ಮೊಳದುದ್ದದ ಬೆಳ್ಳುಳ್ಳಿ ಜಡೆ ತೂಗುಹಾಕಿ ಹೋಗಿದ್ದರು. ಅದನ್ನು ಬಿಚ್ಚಿ ಬಚ್ಚಿಡುವ ಹೊತ್ತಿಗೆ ಸರಿಯಾಗಿ ಎದ್ದಿದ್ದರೆ ಕಪ್ತಾನ ರೆಮ್ಜಿಯ ಆ ದಿನ ಬೇರೆಯೇ ಆಗುತ್ತಿತ್ತು. ಅವನು ಕಣ್ಣುಜ್ಜುತ್ತ ಮೇಲೆ ಬರುವಷ್ಟರಲ್ಲಿ ಅವನ ಅತ್ತೆ ಪಾಕಿಜೆ ಹಾನಿಮ್, ಕಂಕುಳಲ್ಲಿ ಅಂಜೂರದ ಬುಟ್ಟಿ ಇರುಕಿಕೊಂಡು, ಬಂದರಿನ ಕಟ್ಟೆಯ ಮೇಲೆ ನಿಂತು ಆ ಜಡೆಯನ್ನೇ ದಿಟ್ಟಿಸುತ್ತಿದ್ದಳು.

ಆ ಕರಾವಳಿಯ ಪುಟ್ಟ ಬಂದರುಗಳಲ್ಲಿ ಹಡಗುಗಳು ಮುಂದೆ ಲಂಗರು ಬಿಟ್ಟು, ಬೆನ್ನನ್ನು ಕಟ್ಟೆಗೆ ಆನಿಸಿ, ಮದುವೆ ಊಟದ ಪಂಕ್ತಿಯಂತೆ ಒತ್ತೊತ್ತಾಗಿ ನಿಲ್ಲುತ್ತವೆ. ಒಬ್ಬನ ಸರಪಳಿಯ ಮೇಲೆ ಇನ್ನೊಬ್ಬನ ಲಂಗರು ಬಿದ್ದರೆ ನೀರಿನ ತಳದಲ್ಲಿ ಎರಡೂ ಹೆಣೆದುಕೊಳ್ಳುತ್ತವೆ. ಬೀಳಿಸಿದವನಿಗೆ ನೆರೆಯವರ ಬಹುಮಾನವೇ ಬೆಳ್ಳುಳ್ಳಿ ಜಡೆ. ಆ ಬೇಸಿಗೆಯಲ್ಲಿ ನಾಜ್ಲಿಯ ಅಡುಗೆಯವ ಹಾಲಿತ್ ಬೆಳ್ಳುಳ್ಳಿಗೆಂದು ಅಂಗಡಿಯ ಮೆಟ್ಟಿಲು ಹತ್ತಿದ್ದೇ ಇಲ್ಲ.

"ಇದೇನು ಅಳಿಯದೇವರೇ?"

"ಅದು... ಸಾರಿಗೆ ಅಂತ ತರಿಸಿದ್ದು, ಅತ್ತೆ."

"ನಮ್ಮ ಯಜಮಾನರು ಕೈಯಾರೆ ಕಟ್ಟಿದ ಹಡಗು ಇದು. ಅದರ ಬೆನ್ನಿಗೆ ಬೆಳ್ಳುಳ್ಳಿ! ಇವತ್ತು ಇಂಜಿರ್ಲಿ ಬಂದರಿನವರೆಗೆ ನಾನೂ ಬರ್ತೀನಿ. ಅಲ್ಲಿ ಇನ್ನೊಬ್ಬರ ಸರಪಳಿ ಮೇಲೆ ನಿನ್ನ ಲಂಗರು ಬಿತ್ತೋ, ನಾಳೆಯಿಂದ ಚುಕ್ಕಾಣಿ ನನ್ನ ತಮ್ಮನ ಮಗ ಶಾಕಿರ್ ಕೈಗೆ. ನೀನು ಕೆಳಗೆ ಅಡುಗೆಮನೆಯಲ್ಲಿ ಈರುಳ್ಳಿ ಸುಲಿ."

ರೆಮ್ಜಿಗೆ ಹಡಗು ನಡೆಸಲು ಬರುತ್ತಿರಲಿಲ್ಲವೆಂದಲ್ಲ. ಅವನು ಎಲ್ಲರ ಮಾತನ್ನೂ ಕೇಳುವ ಒಳ್ಳೆಯ ಮನುಷ್ಯ, ಅಷ್ಟೇ. ಕಟ್ಟೆಯ ಮೇಲಿನವರು "ಎಡಕ್ಕೆ" ಎಂದರೆ ಎಡಕ್ಕೆ, "ಬಲಕ್ಕೆ" ಎಂದರೆ ಬಲಕ್ಕೆ ತಿರುಗಿಸುತ್ತಿದ್ದ. ಇಬ್ಬರೂ ಒಟ್ಟಿಗೆ ಕೂಗಿದರೆ ಜಡೆ ಗ್ಯಾರಂಟಿ.

ಊರು ನೋಡಲು ಬಂದ ಯಾತ್ರಿಕರನ್ನು ಹತ್ತಿಸಿಕೊಂಡು ಹಡಗು ಹೊರಟಿತು. ಹಾದಿಯಲ್ಲಿ ಕಡಲಲ್ಲಿ ಮುಳುಗಿದ ಹಳೇ ಪಟ್ಟಣ ಬಂತು. ಕಲ್ಲಿನ ಮೆಟ್ಟಿಲುಗಳು ಯಾರೋ ರಾಣಿ ಈಗಷ್ಟೇ ಸ್ನಾನಕ್ಕಿಳಿದಳೆಂಬಂತೆ ಹಸಿರು ನೀರೊಳಗೆ ಇಳಿದುಹೋಗಿದ್ದವು. ಯಾತ್ರಿಕರು ಉಸಿರು ಬಿಗಿಹಿಡಿದು ನೋಡಿದರು. ರೆಮ್ಜಿಗೆ ಮಾತ್ರ ಕಣ್ಣಿಗೇನೂ ಕಾಣಲಿಲ್ಲ, ಕಿವಿಗೆ ಅತ್ತೆ ಬಿಟ್ಟು ಬೇರೇನೂ ಕೇಳಲಿಲ್ಲ.

"ಬಂಡೆ ಇದೆ, ನೋಡು! ಅಷ್ಟು ಜೋರು ಯಾಕೆ? ಇಷ್ಟು ನಿಧಾನ ಯಾಕೆ? ಶಾಕಿರ್ ಆಗಿದ್ರೆ ಇಷ್ಟೊತ್ತಿಗೆ ಇಂಜಿರ್ಲೀಲಿ ಚಹಾ ಕುಡೀತಿದ್ದ!"

ಮಧ್ಯಾಹ್ನದ ಹೊತ್ತಿಗೆ ರೆಮ್ಜಿಯ ತಲೆ ಜೇನುಗೂಡಾಯಿತು. ಅವನು ಚುಕ್ಕಾಣಿಯನ್ನು ಗಳಿಗೆ ಹೊತ್ತು ಹಾಲಿತ್ ಕೈಗಿತ್ತು ಸದ್ದಿಲ್ಲದೆ ಅಡುಗೆಮನೆಗಿಳಿದ. ಹಾಲಿತ್ ನಾದಿಟ್ಟ ರೊಟ್ಟಿ ಹಿಟ್ಟಿನಿಂದ ಎರಡು ಗೋಲಿ ಕಿತ್ತು ಎರಡೂ ಕಿವಿಗೆ ತುರುಕಿಕೊಂಡ. ಆಹಾ! ಅತ್ತೆಯ ಬಾಯಿ ಗಾಜಿನ ಪೆಟ್ಟಿಗೆಯ ಮೀನಿನ ಹಾಗೆ ಸುಮ್ಮನೆ ತೆರೆದು ಮುಚ್ಚತೊಡಗಿತು. ರೆಮ್ಜಿ ತಲೆಯಾಡಿಸುತ್ತ ಚುಕ್ಕಾಣಿ ಹಿಡಿದ. ಹಿಟ್ಟಿನ ವಿಷಯ ಮರೆತೇಬಿಟ್ಟ.

ಇಂಜಿರ್ಲಿಯಲ್ಲಿ ಖಾಲಿ ಇದ್ದದ್ದು ಎರಡೇ ಜಾಗ, ಅದೂ ಪಕ್ಕಪಕ್ಕ. ಗಾಳಿ ಎದ್ದಿತ್ತು. ನಾಜ್ಲಿಯನ್ನು ಕಂಡದ್ದೇ ತಡ, ಕಾಫಿ ಅಂಗಡಿ ಖಾಲಿಯಾಗಿ ಕಟ್ಟೆ ತುಂಬಿತು.

"ಎಡಕ್ಕೋ ಮಾರಾಯ!"

"ಬಲಕ್ಕೆ, ಬಲಕ್ಕೆ!"

"ಬೆಳ್ಳುಳ್ಳಿ ರೆಡಿ ಮಾಡ್ರೋ!"

ಬೆಟ್ಟದ ಬಂಡೆ ಕೊರೆದ ಗೋರಿಗಳಲ್ಲಿ ಮಲಗಿದ್ದ ಹಳೇ ರಾಜರೂ ಎದ್ದು ಕೂರಬೇಕು, ಅಂಥ ಗದ್ದಲ. ರೆಮ್ಜಿಗೆ ಒಂದಕ್ಷರವೂ ಕೇಳಿಸಲಿಲ್ಲ. ಎಲ್ಲರೂ ಕೈಬೀಸಿ ಸ್ವಾಗತಿಸುತ್ತಿದ್ದಾರೆಂದುಕೊಂಡು ಅವನೂ ಕೈಬೀಸಿದ. ಆಮೇಲೆ ಗಾಳಿ ನೋಡಿದ, ನೀರು ನೋಡಿದ, ಹಾಲಿತ್‌ಗೆ ಸನ್ನೆ ಮಾಡಿದ. ಲಂಗರು ಬಿತ್ತು. ಸರಪಳಿ ಪೆನ್ಸಿಲ್ ಗೆರೆಯ ಹಾಗೆ ನೆಟ್ಟಗೆ ಇಳಿಯಿತು. ನಾಜ್ಲಿ ಹಿಂದೆ ಸರಿದು ಕಟ್ಟೆಗೆ ತಾಗಿದ್ದು, ಅಜ್ಜಿ ಕೂಸಿನ ಕೆನ್ನೆಗೆ ಮೂಗು ತಾಗಿಸಿದಷ್ಟು ಮೆತ್ತಗೆ.

ಕಟ್ಟೆಯ ತುಂಬ ಚಪ್ಪಾಳೆ! ಕಿವಿಯ ಹಿಟ್ಟು ಕಿತ್ತಾಗಲೇ ರೆಮ್ಜಿಗೆ ಅದು ಕೇಳಿಸಿದ್ದು. ಕಾಫಿ ಅಂಗಡಿಯ ಬೆಕಿರಜ್ಜ ತಾನೇ ಚಹಾ ಹಿಡಿದು ಬಂದ. ಅತ್ತೆ ಬುಟ್ಟಿಯ ಅತಿ ದೊಡ್ಡ ಅಂಜೂರವನ್ನು ಅಳಿಯನ ಬಾಯಿಗೆ ತುರುಕಿದಳು. ಯಾತ್ರಿಕರು ಅವನ ಬಿಳಿ ಟೋಪಿ ಸರಿಮಾಡಿ ಫೋಟೋ ತೆಗೆದುಕೊಂಡರು. ರೆಮ್ಜಿಯ ಎದೆ ಗಾಳಿ ತುಂಬಿದ ಹಾಯಿಯಾಯಿತು.

ಅಷ್ಟರಲ್ಲಿ ಬಂತು ಶಾಕಿರ್‌ನ ಹಡಗು. ಯಾತ್ರಿಕರನ್ನು ಬೇರೆಡೆ ಇಳಿಸಿ ಒಬ್ಬನೇ ಬರುತ್ತಿದ್ದ. ಕಪ್ಪು ಕನ್ನಡಕ, ಚುಕ್ಕಾಣಿಯ ಮೇಲೆ ಒಂದೇ ಕೈ. ರೆಮ್ಜಿ ಚಹಾದ ಲೋಟ ಹಿಡಿದು ಕಟ್ಟೆಯ ಅಂಚಿಗೆ ಓಡಿದ. ಜೀವಮಾನದಲ್ಲಿ ಮೊದಲ ಸಲ ಬುದ್ಧಿ ಹೇಳುವ ಪಾಳಿ ಅವನದು.

"ಎಡಕ್ಕೆ ತಮ್ಮಾ, ಎಡಕ್ಕೆ! ಗಾಳಿ ನೋಡು!"

"ನೀನು ನಂಗೆ ಹೇಳಿಕೊಡ್ತೀಯಾ, ಜಡೆ ಭಾವ?" ಶಾಕಿರ್ ಕೊಂಕುನಗೆ ನಗುತ್ತ ಇತ್ತ ತಿರುಗಿದ. ತಿರುಗಿದ ಆ ಗಳಿಗೆಯಲ್ಲೇ ಗಾಳಿ ಹಡಗನ್ನು ತಳ್ಳಿತು. ಲಂಗರು ಇಳಿಸುವ ಗುಂಡಿಯ ಮೇಲಿದ್ದ ಇನ್ನೊಂದು ಕೈ ಅದನ್ನು ಒತ್ತಿಯೇಬಿಟ್ಟಿತು. ಗರಗರ ಇಳಿದ ಲಂಗರು ನೇರ ನಾಜ್ಲಿಯ ಸರಪಳಿಯ ಮೇಲೆ!

ಕಟ್ಟೆ ಬಿದ್ದುಬಿದ್ದು ನಕ್ಕಿತು. ರೆಮ್ಜಿ ಅಡುಗೆಮನೆಗೆ ಹಾರಿ, ಬೇಸಿಗೆಯಿಡೀ ತನಗೆ ಬಂದಿದ್ದ ಬೆಳ್ಳುಳ್ಳಿಯಲ್ಲಿ ಉಳಿದದ್ದನ್ನೆಲ್ಲ ಬಾಚಿ ತಂದು, ಶಾಕಿರ್‌ನ ಹಡಗಿಗೆ ಸಾಲಾಗಿ ತೋರಣ ಕಟ್ಟಿದ.

"ಸಾರಿಗೆ ಇಟ್ಕೋ ತಮ್ಮಾ!"

ಶಾಕಿರ್‌ನ ಮುಖ ದಾಳಿಂಬೆಯಾಯಿತು. ಹಗ್ಗ ಕಟ್ಟಿದವನೇ ಎಂಜಿನ್ ಕೀ ಜೇಬಿಗಿಳಿಸಿ, ಯಾರನ್ನೂ ನೋಡದೆ, ಬೆಟ್ಟದ ಮೇಲಿನ ಊರಿಗೆ ಹೊರಟಿದ್ದ ವ್ಯಾನು ಹತ್ತಿ ಹೋಗಿಬಿಟ್ಟ. ರೆಮ್ಜಿ ಧೂಳಿಗೂ ಕೈಬೀಸಿದ.

ಆಗ ಬೆಕಿರಜ್ಜ ಖಾಲಿ ಲೋಟ ತೆಗೆದುಕೊಳ್ಳುತ್ತ ಕೇಳಿದ: "ಎಲ್ಲಾ ಸರಿ ಕಪ್ತಾನ, ನಾಳೆ ಹೆಂಗೆ ಹೊರಡ್ತೀಯ?"

"ಹೆಂಗೆ ಅಂದ್ರೆ? ಲಂಗರು ಎತ್ತಿ."

"ನಿನ್ನ ಲಂಗರು ಅವನದರ ಅಡಿಯಲ್ಲಿದೆ. ಎಳೆದರೆ ಅವನದೂ ಕಿತ್ಕೊಂಡು ಬರುತ್ತೆ, ಆಳಿಲ್ಲದ ಆ ಹಡಗು ಕಟ್ಟೆಗೆ ಬಡಿದು ಚೂರಾಗುತ್ತೆ. ಮೇಲೆ ಲಂಗರು ಬಿಟ್ಟವನು ಬಂದು ಎತ್ತೋವರೆಗೂ ನೀನು ಕಾಯಬೇಕಪ್ಪ."

ರೆಮ್ಜಿ ಮೆಲ್ಲಗೆ ಅತ್ತೆಯತ್ತ ತಿರುಗಿದ. "ಅವನು ಯಾವಾಗ ಬರ್ತಾನೆ, ಅತ್ತೆ?"

"ಶಾಕಿರ್ ಸಿಟ್ಟಾ? ಹಿಂದೊಮ್ಮೆ ಸಾರಿಗೆ ಉಪ್ಪು ಕಡಮೆ ಅಂತ ಬೆಟ್ಟ ಹತ್ತಿದವನು ತಿಂಗಳುಗಟ್ಟಲೆ ಕಳೆದು ದ್ರಾಕ್ಷಿ ಕೊಯ್ಲಿಗೇ ಇಳಿದದ್ದು."

ರೆಮ್ಜಿಯ ಕೈ ತಾನಾಗಿಯೇ ಟೋಪಿಗೆ ಹೋಯಿತು.

"ತೆಗೀಬೇಡ, ತೆಗೀಬೇಡ! ಕಪ್ತಾನ ನೀನೇ, ನಾನು ಮಾತಿಗೆ ತಪ್ಪೋಳಲ್ಲ. ಆದ್ರೆ ಅಲ್ಲಾಡದ ಹಡಗಿನ ಕಪ್ತಾನನಿಗೆ ಚುಕ್ಕಾಣಿ ಹತ್ರ ಏನು ಕೆಲಸ? ಯಾತ್ರಿಕರಿಗೆ ಹಸಿವಾಗಿದೆ, ನಡಿ ಕೆಳಗೆ."

ಮೇಲೆ ಕಟ್ಟೆಯ ತುಂಬ ಇನ್ನೂ ಅವನದೇ ಗುಣಗಾನ. ಕೆಳಗೆ ಬಿಳಿ ಟೋಪಿಯ ರೆಮ್ಜಿ ಕಪ್ತಾನ ಕಣ್ಣೊರೆಸಿಕೊಳ್ಳುತ್ತ ಈರುಳ್ಳಿ ಸುಲಿಯುತ್ತಿದ್ದ. ಡಬ್ಬಗಳನ್ನೆಲ್ಲ ತಡಕಾಡಿದ ಹಾಲಿತ್ ಚೀಲ ತಂದು ಅವನ ಮುಂದೆ ಹಿಡಿದ.

"ಕಪ್ತಾನಣ್ಣ, ಅಂಗಡಿ ಮುಚ್ಚೋದ್ರೊಳಗೆ ಒಂದು ಜಡೆ ಬೆಳ್ಳುಳ್ಳಿ ಕೊಂಡ್ಕೊಂಡು ಬರ್ತೀರಾ?"