ಬುಧವಾರದ ಕಟಿಂಗು

ಶ್ರೀರಾಂಪುರದ ಬೆಟ್ಟಮ್ಮನ ಮನೆಯ ಮೇಲಿನ ರೂಮು ನೋಡಲು ಬಂದ ಯೋಗೇಂದ್ರ ನೀರು ಎಷ್ಟೊತ್ತಿಗೆ ಬರುತ್ತದೆಂದು ಕೇಳಲಿಲ್ಲ, ಬಾಡಿಗೆ ಎಷ್ಟೆಂದೂ ಕೇಳಲಿಲ್ಲ. ಬ್ಯಾಗಿನಿಂದ ಅಂಗೈಯಗಲದ ತಕ್ಕಡಿಯೊಂದನ್ನು ತೆಗೆದು, "ಅಜ್ಜಿ, ಊಟಾನೂ ಕೊಡ್ತೀರಾ? ಕೊಡೋದಾದ್ರೆ ಇದ್ರ ಮೇಲೆ ತೂಗಿ ಕೊಡ್ಬೇಕು" ಎಂದ. ಹುಡುಗ ಅಕ್ಕಸಾಲಿಗನಿರಬೇಕು ಎಂದುಕೊಂಡಳು ಬೆಟ್ಟಮ್ಮ. (ಉಂಗುರ ತೂಗುವಂಥ ತಕ್ಕಡಿಯ ಮೇಲೆ ಮುದ್ದೆ ಪಟ್ಟಕ್ಕೇರುವ ಕಾಲ ಬರುತ್ತದೆಂದು ಯಾರು ಕಂಡಿದ್ದರು?)

ಅವನು ಅಕ್ಕಸಾಲಿಗನಲ್ಲ. ಹಗಲು ಮಂಡಿ ಮೊಹಲ್ಲಾದ ಪಾತ್ರೆ ಅಂಗಡಿಯಲ್ಲಿ ಕೊಳಗ ಒರೆಸುತ್ತಿದ್ದ. ಸಂಜೆ ಗುರುಮಲ್ಲಪ್ಪನ ಜಿಮ್ಮಿನಲ್ಲಿ ಕಬ್ಬಿಣ ಎತ್ತುತ್ತಿದ್ದ. ಬೆಟ್ಟಮ್ಮನ ಲೆಕ್ಕದಲ್ಲಿ ಅದು ಗರಡಿಮನೆ. ಅಲ್ಲಿ ಬೆಳಗಿನ ಹೊತ್ತು ಹೇಳಿಕೊಡುವ ಕೆಲಸವೊಂದು ಖಾಲಿ ಇತ್ತು. ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಅರವತ್ತು ಕೆಜಿಯೊಳಗಿನವರ ಸಾಲಿಗೆ ಇಳಿದು ಏನಾದರೊಂದು ಬಹುಮಾನ ತಂದರೆ ಆ ಕೆಲಸ ನಿನಗೆ, ಇಲ್ಲದಿದ್ದರೆ ಕೊಳಗವೇ ಗತಿ ಎಂದಿದ್ದ ಗುರುಮಲ್ಲಪ್ಪ.

"ಮೊದ್ಲು ಮೈ ತುಂಬಿಸ್ಬೇಕು ಅಜ್ಜಿ. ಕ್ಯಾಲೊರಿ ಜಾಸ್ತಿ ಬೇಕು."

"ಅದು ಯಾವ ಅಂಗಡೀಲಿ ಸಿಕ್ತದಪ್ಪ?"

ಯೋಗೇಂದ್ರ ನಕ್ಕು ಪಾಠ ಮಾಡಿದ. ಕಾಳು, ಮೊಟ್ಟೆಯಲ್ಲಿರುವುದು ಪ್ರೋಟೀನು. ಮುದ್ದೆ, ಅನ್ನದಲ್ಲಿರುವುದು ಕಾರ್ಬು. ತುಪ್ಪದಲ್ಲಿರುವುದು ಫ್ಯಾಟು. ಮೂರೂ ಅಣ್ಣತಮ್ಮಂದಿರಂತೆ, ಒಬ್ಬನಿಗೆ ಜಾಸ್ತಿ ಬಡಿಸಿದರೆ ಇನ್ನೊಬ್ಬ ಮುನಿಸಿಕೊಳ್ಳುತ್ತಾನೆ ಎಂದು ಬೆಟ್ಟಮ್ಮ ಅರ್ಥ ಮಾಡಿಕೊಂಡಳು. ಹುರುಳಿಕಾಳು ಬಸ್ಸಾರು, ಬೇಯಿಸಿದ ಮೊಟ್ಟೆ, ಕಣ್ತುಂಬುವಂಥ ಮುದ್ದೆ, ಮೇಲೊಂದು ಗುಳಿ ಮಾಡಿ ತುಪ್ಪ. ಗಂಡ ಹೋದ ಮೇಲೆ ಒಬ್ಬಳಿಗೇ ಒಲೆ ಹಚ್ಚಲು ಬೇಸರಪಡುತ್ತಿದ್ದವಳು ಈಗ ಬೆಳಗೆದ್ದು ಕಾಳು ನೆನೆಹಾಕತೊಡಗಿದಳು. ಹುಡುಗನ ಭುಜ ಅಗಲವಾಯಿತು, ಅಂಗಿಯ ಗುಂಡಿ ಹಾರಿತು. ಬೆಟ್ಟಮ್ಮನಿಗೆ ಅಂಥ ಹೆಮ್ಮೆ ಸ್ವಂತ ಮಗಳು ಬಾಣಂತನ ಮುಗಿಸಿ ಹೋದಾಗಲೂ ಆಗಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಯೋಗೇಂದ್ರ, "ಮಂಗಳವಾರದಿಂದ ಕಟಿಂಗ್ ಅಜ್ಜಿ" ಎಂದ.

"ಮಂಗಳವಾರ ಯಾರಾದ್ರೂ ಕಟಿಂಗ್ ಮಾಡ್ತಾರೇನ್ಲಾ? ನನ್ ಮನೇಲಿರೋಗಂಟ ಆಗಾಕಿಲ್ಲ."

ಯೋಗೇಂದ್ರ ತಬ್ಬಿಬ್ಬಾದ. "ಬುಧವಾರ ಆದ್ರೆ?"

"ಬುಧವಾರ ಬೇಕಾದಂಗೆ ಮಾಡ್ಕೋ. ನಾನೇ ಹೇಳವ ಅಂತಿದ್ದೆ. ಬೆಳೆದೂ ಬೆಳೆದೂ ನೋಡಕ್ಕಾಗ್ತಿಲ್ಲ."

"ಅಷ್ಟು ಕಾಣುತ್ತಾ ಅಜ್ಜಿ?" ಅವನು ಹೊಟ್ಟೆ ಒಳಗೆಳೆದುಕೊಂಡ. "ಸೈಡಲ್ಲೂ ಕಮ್ಮಿ ಮಾಡ್ಬೇಕು ಅಲ್ವಾ?"

"ಸೈಡಲ್ಲೇ ಜಾಸ್ತಿ ತೆಗೀಬೇಕು ಮಗ. ಹಿಂದ್ಗಡೇನೂ ಒಸಿ ನೋಡ್ಕೋ."

ಇಬ್ಬರೂ ಪರಮ ಸಂತೋಷದಿಂದ ಮಲಗಲು ಹೋದರು.

ಬುಧವಾರ ಬಂತು. ಯೋಗೇಂದ್ರನ ತಲೆಗೂದಲು ಹಾಗೇ ಇತ್ತು. ಅರ್ಧಕ್ಕೆ ಇಳಿದದ್ದು ಮುದ್ದೆ. ನೂರೈವತ್ತು ಗ್ರಾಂ ಸಾಕು, ತುಪ್ಪ ಬೇಡವೇ ಬೇಡ ಎಂದ. ಯಾಕಪ್ಪ ಎಂದರೆ, "ಕಟಿಂಗ್ ನಡೀತಿದೆಯಲ್ಲ ಅಜ್ಜಿ" ಎನ್ನುತ್ತಾನೆ, ಕೂದಲು ನೋಡಿದರೆ ಕಿವಿ ಮುಚ್ಚುತ್ತಿದೆ! ಕೆನ್ನೆ ಒಳಗೆ ಹೋಯಿತು. ಬೆಟ್ಟಮ್ಮ ರಾತ್ರಿಯೆಲ್ಲ ಯೋಚಿಸಿದಳು. ಎದುರಿಗೇ 'ನೋಡಕ್ಕಾಗ್ತಿಲ್ಲ' ಎಂದುಬಿಟ್ಟೆನಲ್ಲ, ಹುಡುಗ ಮನಸ್ಸಿಗೆ ಹಚ್ಚಿಕೊಂಡು ಊಟ ಬಿಟ್ಟಿದ್ದಾನೆ. ತಾನಾಡಿದ ಮಾತಿನಿಂದ ಹೋದ ಮೈಯನ್ನು ಕೈಯಾರೆ ತುಂಬಿಕೊಡಬೇಕಾದವಳು ತಾನೇ ಎಂದು ತೀರ್ಮಾನಿಸಿದಳು.

ಮಾರನೆಯ ದಿನದಿಂದ ಹಿಟ್ಟು ತೊಳಸುವಾಗಲೇ ಒಳಗೆ ತುಪ್ಪ ಬಿತ್ತು. ಸಾರಿಗೆ ಕೊಬ್ಬರಿಯ ಜೊತೆ ಕಡಲೆಬೀಜವೂ ಅರೆದು ಸೇರಿತು. ತಕ್ಕಡಿಯ ಮೇಲೆ ಮುದ್ದೆ ನೂರೈವತ್ತೇ ತೋರಿಸುತ್ತಿತ್ತು, ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿಯಿಲ್ಲ. (ತೂಕದಲ್ಲಿ ಮೋಸ ಮಾಡಿದಳೆಂದು ಬೆಟ್ಟಮ್ಮನನ್ನು ಯಾರೂ ಅನ್ನುವ ಹಾಗಿಲ್ಲ.)

"ಮುದ್ದೆ ಎಷ್ಟು ನುಣ್ಣಗೆ ಬಂದಿದೆ ಅಜ್ಜಿ!"

"ಹೊಸ ರಾಗಿ ಕಣಪ್ಪ."

"ತುಪ್ಪ ಬಿಟ್ಟ ಮೇಲೆ ಎಲ್ಲಿ ನೋಡಿದ್ರೂ ತುಪ್ಪದ ವಾಸ್ನೇನೇ ಬಂದಂಗಾಗುತ್ತೆ. ಆಸೆ ಅನ್ನೋದು ಎಷ್ಟು ಕೆಟ್ಟದ್ದು ನೋಡಿ."

ಪಾಪ, ಅವನು ಕಣ್ಣು ಮುಚ್ಚಿ ಇಂದ್ರಿಯನಿಗ್ರಹ ಮಾಡುತ್ತ ನುಂಗಿದ.

ಸ್ಪರ್ಧೆಗೆ ಎರಡು ವಾರ ಉಳಿಯಿತು. ತೂಕ ಅರವತ್ತೆರಡರಿಂದ ಅಲ್ಲಾಡಲಿಲ್ಲ. ಕದ್ದು ಬಜ್ಜಿ ತಿನ್ನುತ್ತಿದ್ದೀಯ ಎಂದು ಗುರುಮಲ್ಲಪ್ಪ ಎಲ್ಲರೆದುರು ಬೈದ; ಇಲ್ಲ ಸಾರ್ ಎಂದು ಯೋಗೇಂದ್ರ ಅತ್ತ. ಕೊನೆಗೆ ಗುರುಮಲ್ಲಪ್ಪ ತಾನೇ ವಿಚಾರಣೆಗೆ ಮನೆಗೆ ಬಂದ.

"ಏನು ತಾಯಿ ಕೊಡ್ತಿದ್ದೀರಿ ಇವ್ನಿಗೆ?"

"ಕೂತ್ಕಳಿ, ನೀವೇ ತಿಂದು ನೋಡಿ" ಎಂದು ಬೆಟ್ಟಮ್ಮ ಮುದ್ದೆ ಇಟ್ಟಳು. ಗುರುಮಲ್ಲಪ್ಪ ಮುರಿದ. ಬೆರಳಿಗೆಲ್ಲ ತುಪ್ಪ ಮಿರುಗಿತು. ಒಂದು ತುತ್ತು ನುಂಗಿದ, ಇನ್ನೊಂದು ನುಂಗಿದ, ತಟ್ಟೆ ಖಾಲಿಯಾದ ಮೇಲೆ ಸಿಟ್ಟು ಬಂದು, "ಕಟಿಂಗಲ್ಲಿ ಇದೇನಮ್ಮ ಇದು!" ಎಂದ.

"ಕಟಿಂಗಿಗೂ ತುಪ್ಪಕ್ಕೂ ಏನ್ ಸ್ವಾಮಿ ಸಂಬಂಧ? ತಲೆಗೇನು ಎಣ್ಣೆ ಹಚ್ಚಿದ್ನಾ?"

"ಕಟಿಂಗ್ ಅಂದ್ರೆ ಮೈಮೇಲಿನ ಕೊಬ್ಬು ಇಳಿಸೋದು ಕಣಮ್ಮ!"

ಬೆಟ್ಟಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅಯ್ಯೋ ನನ್ ಮಗ! ನಾನೇ ನಿನ್ ಕೆಲ್ಸ ಕಳೆದ್ಬುಟ್ನಾ?"

"ಬಿಡಿ ಅಜ್ಜಿ," ಯೋಗೇಂದ್ರನ ಮುಖ ಅರಳಿತ್ತು, "ಅಂದ್ರೆ ನನ್ ಆಸೆ ಕೆಟ್ಟದ್ದಲ್ಲ, ಮೂಗು ಸರಿಯಾಗೇ ಇತ್ತು!"

ಗುರುಮಲ್ಲಪ್ಪ ತುಪ್ಪದ ಭರಣಿಯನ್ನು ಜಪ್ತಿ ಮಾಡಿದ. "ಸ್ಪರ್ಧೆ ಮುಗಿಯೋವರ್ಗೂ ಇದು ನನ್ ಹತ್ರ ಇರ್ಲಿ."

ಆಮೇಲಿನ ಬೆಟ್ಟಮ್ಮನೇ ಬೇರೆ. ಒಗ್ಗರಣೆಗೆ ಎಣ್ಣೆಯ ಹನಿ ಬೀಳಲಿಲ್ಲ. ಮಜ್ಜಿಗೆಯ ಬೆಣ್ಣೆಯನ್ನು ಕಣ್ಣಿಟ್ಟು ತೆಗೆದಳು. ಹುಡುಗನಿಗಿಲ್ಲದ ರುಚಿ ತನಗೇಕೆಂದು ಅದೇ ಸಪ್ಪೆ ಸಾರು ತಾನೂ ಉಂಡಳು. ತೂಗುವ ದಿನ ಯೋಗೇಂದ್ರ ಅರವತ್ತರೊಳಗೆ ಕೂದಲೆಳೆಯಲ್ಲಿ ನುಸುಳಿದ. ಮೂರನೆಯ ಬಹುಮಾನ ಬಂತು, ಕೆಲಸವೂ ಬಂತು.

ಪದಕ ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿ ಚಕ್ಕಳಮಕ್ಕಳ ಹಾಕಿ ಕೂತ. "ಇವತ್ತು ತಕ್ಕಡಿ ಇಲ್ಲ ಅಜ್ಜಿ. ತುಪ್ಪ ಸುರೀರಿ!"

ಬೆಟ್ಟಮ್ಮ ಭರಣಿ ತಂದು ತೋರಿಸಿದಳು. ಗುರುಮಲ್ಲಪ್ಪ ಆಗಷ್ಟೇ ವಾಪಸು ಕಳಿಸಿದ್ದ. ಬಹಳ ಮರ್ಯಾದಸ್ಥ; ಒಳಗೆಲ್ಲ ಸೀಗೆಪುಡಿ ಹಾಕಿ ಫಳಫಳ ತೊಳೆಸಿದ್ದ. ಮನೆಯಲ್ಲಿ ಬೇರೆ ಒಂದು ಹನಿ ಇರಲಿಲ್ಲ. ಗೆದ್ದು ಬಂದ ಹುಡುಗನ ಮುಂದೆ ಬೆಟ್ಟಮ್ಮ ಒಣ ಮುದ್ದೆಯನ್ನೇ ಇಟ್ಟಳು.

ಯೋಗೇಂದ್ರ ಭರಣಿ ನೋಡಿದ, ಮುದ್ದೆ ನೋಡಿದ, ಅಜ್ಜಿಯ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ, ತುಂಬ ನಂಬಿಕೆಯಿಂದ ಕೇಳಿದ:

"ಅಜ್ಜಿ, ನಿಜ ಹೇಳಿ, ಇದ್ರೊಳಗೆ ಒಂಚೂರು ಬಚ್ಚಿಟ್ಟಿದ್ದೀರಿ ಅಲ್ವಾ?"