ಹಾಳೆ ಹಾರಿದ ಆಮೆ

"ಮಗಳಿಗೆ ಕಥೆ ಓದಿ, ಅವಳಿಂದ ಹೇಳಿಸೋ ಖಾತೆ ಇನ್ನು ಮುಂದೆ ನನ್ನದು!" ಎಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದಾಗ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮ ಕೈಲಿ ಆಗತ್ತಾ?"

"ಇಡೀ ದಿನ ಊರವರ ಪುಸ್ತಕದ ಕರಡು ತಿದ್ದೋನು ನಾನು! ಒಂದು ಅಲ್ಪವಿರಾಮ ನನ್ನ ಕಣ್ಣು ತಪ್ಪಿಸಿಲ್ಲ!"

ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಬೇಕೆಂಬುದು ನನ್ನವಳ ಹಟ. ನಿವೃತ್ತ ಹೆಡ್‌ಮಿಸ್ಟ್ರೆಸ್ ಆದ ನಮ್ಮತ್ತೆಗೆ ಅದು ಸುತರಾಂ ಒಪ್ಪಿಗೆಯಿಲ್ಲ. "ಭಾನುವಾರ ಬಂದು ಪರೀಕ್ಷೆ ಮಾಡ್ತೀನಿ. ಮಗು ತಡವರಿಸಿದ್ರೆ ಮಾರನೇ ದಿನವೇ ಶಾಲೆಗೆ," ಎಂದಿದ್ದರು. ಹೆಂಡತಿ ಹೂಂ ಅಂದುಬಿಟ್ಟಿದ್ದಳು.

ನಮ್ಮ ಪದ್ಧತಿ ಸರಳ. ಕಥೆಯನ್ನು ಒಂದೇ ಸಲ ಓದುವುದು, ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಅದಕ್ಕೆ ನಾನು ರಾಜಗಾಂಭೀರ್ಯದಿಂದ ಎರಡು ಶಾಸನ ಹೊರಡಿಸಿದೆ: ಕೇಳಿದ್ದರಲ್ಲಿ ಏನನ್ನೂ ಬಿಡಬಾರದು, ಹೇಳುವಾಗ ಮಧ್ಯೆ ಯಾರೂ ಬಾಯಿ ಹಾಕಬಾರದು.

ಭಾನುವಾರ ಅತ್ತೆ ಕನ್ನಡಕ ಏರಿಸಿ ಕುಳಿತರು. "ಯಾವುದಾದ್ರೂ ಕಥೆ ಹೇಳು ಪುಟ್ಟಿ."

"ಒಂದು ಆಮೆ ಇತ್ತು. ಅಮ್ಮನ್ನ ನೋಡಕ್ಕೆ ಹೊರಡ್ತು. ದಾರೀಲಿ ಹೊಳೆ ಸಿಕ್ತು. ಬಾತುಕೋಳಿ ಬಂದು, 'ದಾಟಿಸ್ಲಾ?' ಅಂತು."

ಹೆಂಡತಿಯ ಮುಖ ಅರಳಿತು. ನನ್ನ ಎದೆ ಉಬ್ಬಿತು!

"ಆಮೇಲೆ ಅಪ್ಪ ಆಕಳಿಸ್ದ."

"ಅದು ಕಥೇಲಿಲ್ಲ ಚಿನ್ನ..." ಎಂದೆ.

"ಮಧ್ಯೆ ಬಾಯಿ ಹಾಕ್ಬಾರ್ದು ಅಂತ ನೀನೇ ಹೇಳಿದೀಯ!"

"ಸರಿಯಾಗೇ ಹೇಳ್ತು," ಎಂದರು ಅತ್ತೆ. "ಮುಂದೆ?"

"ಅಪ್ಪ ತುಂಬಾ ಹಾಳೆ ಒಟ್ಟಿಗೆ ತಿರುವಿದ. ತಕ್ಷಣ ಆಮೆ ಮನೆ ಮುಟ್ತು! ಹೊಳೆ ಹೇಗೆ ದಾಟ್ತು ಅಂದೆ. 'ಈಜ್ತು, ಮಲ್ಕೋ' ಅಂದ. ಅಮ್ಮ ಅಡುಗೆಮನೆಯಿಂದ, 'ಪೂರ್ತಿ ಓದಿದ್ರಾ?' ಅಂದ್ಲು. ಅಪ್ಪ, 'ಒಂದಕ್ಷರ ಬಿಟ್ಟಿಲ್ಲ' ಅಂದ. ನಮ್ಮನೇಲಿ ಎಲ್ಲಾ ಪ್ರಾಣಿಗಳೂ ಹೀಗೇ, ಬೇಗ ಮನೆ ಮುಟ್ತವೆ. ಅಪ್ಪಂಗೆ ನಿದ್ದೆ ಬರತ್ತೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಂಡತಿ ಬೈದಿದ್ದರೆ ಸಹಿಸಬಹುದಿತ್ತು. ಅವಳು ನನ್ನತ್ತ ನೋಡಲೂ ಇಲ್ಲ. ಅವಳು ಇಷ್ಟು ದಿನ ಪಟ್ಟ ಪಾಡನ್ನೆಲ್ಲ ನಾನು ಒಂದು ಆಕಳಿಕೆಯಲ್ಲಿ ನುಂಗಿ ನೀರು ಕುಡಿದಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅತ್ತೆ ಕನ್ನಡಕ ತೆಗೆದರು. "ಒಂದೂ ಬಿಡದೆ, ಒಂದಾದ ಮೇಲೊಂದು ಹೇಳಿದಾಳೆ. ಮಗು ಮನೇಲೇ ಕಲೀಲಿ."

ನಾನು ಉಸಿರು ಬಿಡುವಷ್ಟರಲ್ಲಿ, "ಪರೀಕ್ಷೆ ಮುಗಿದಿಲ್ಲ. ಆ ಪುಸ್ತಕ ತಾ, ನಾನು ಓದ್ತೀನಿ. ಅಳಿಯಂದ್ರು ಹೇಳ್ಲಿ!" ಎಂದರು.

ಓದಿದರು, ಅಷ್ಟೂ ಹಾಳೆ. ನಾನು ಕೈಕಟ್ಟಿ ನಿಂತೆ. "ಒಂದು ಆಮೆ... ಹೊಳೆ... ಬಾತುಕೋಳಿ..." ಗಾಡಿ ಅಲ್ಲಿಗೇ ನಿಂತಿತು. ಅವರು ಓದುತ್ತಿದ್ದಷ್ಟು ಹೊತ್ತೂ ನಾನು ಅವಮಾನದಲ್ಲಿ ಮುಳುಗಿದ್ದೆನೇ ಹೊರತು ಆಮೆ ಹೊಳೆ ದಾಟಿದ್ದನ್ನು ಎಲ್ಲಿ ಕೇಳಿಸಿಕೊಂಡೆ!

"ಈಜ್ತು ಅನ್ನಿ," ಎಂದು ಹೆಂಡತಿ ಕೊನೆಗೂ ಕಿಸಕ್ಕನೆ ನಕ್ಕಳು.

ಮಗಳು ಓಡಿಬಂದು ನನ್ನ ಬೆರಳು ಹಿಡಿದುಕೊಂಡಳು.

"ಮಧ್ಯೆ ಬಾಯಿ ಹಾಕ್ಬೇಡಮ್ಮಾ! ಅಪ್ಪ ಈಗ್ತಾನೇ ಕಲೀತಿದಾನೆ."