ಮೀನಿನ ಮುಳ್ಳಿನ ಕೋಟು

“ಈ ಸಲ ಬಟ್ಟೆ ನಾನೇ ಆರಿಸುವುದು. ಯಾರೂ ಬಾಯಿ ಹಾಕಬಾರದು.”

ಟೆರೆನ್ಸ್ ಪಿಂಟೊ ಹೀಗೆ ಘೋಷಿಸಿದಾಗ ಅವನ ಬಾಯಿಯಲ್ಲಿ ಅರ್ಧ ನೀರುದೋಸೆ ಇತ್ತು. ಹಾಗಾಗಿ ಘೋಷಣೆಯ ಗಾಂಭೀರ್ಯ ತುಸು ಒದ್ದೆಯಾಯಿತು.

“ಮೊದಲು ಬಾಯಲ್ಲಿದ್ದದ್ದು ನುಂಗಿ ಮಾರಾಯ್ರೇ,” ಎಂದಳು ಹೆಂಡತಿ ಬೀಟ್ರಿಸ್. “ನನಗೆಂತ? ನಿಮ್ಮ ಮೈ, ನಿಮ್ಮ ಸೂಟು.”

“ಡ್ಯಾಡ್, ಆರ್ ಯು ಶೂರ್?” ಎಂದಳು ಮಗಳು ಓಲಿವಿಯಾ, ಫೋನಿನಿಂದ ತಲೆ ಎತ್ತದೆ.

ಶೂರ್ ಇಲ್ಲದೆ ಉಂಟೇ? ಮಸ್ಕತ್ತಿನ ವಾದಿ ಕಬೀರಿನ ಕಾರು ಬಿಡಿಭಾಗಗಳ ಕಂಪನಿಯಲ್ಲಿ ಸಾವಿರ ನಟ್ಟುಗಳ ನಡುವಿನಿಂದ ಬೇಕಾದ ಒಂದನ್ನು ಕಣ್ಣುಮುಚ್ಚಿ ಹೆಕ್ಕುವ ಗಂಡಸು ಅವನು. ಆದರೆ ಅವನು ಹಾಕಿಕೊಂಡು ಹೋಗುವ ಅಂಗಿ, ಪ್ಯಾಂಟು, ಬನಿಯನು, ಕಡೆಗೆ ಮೂಗೊರೆಸುವ ಕರವಸ್ತ್ರವನ್ನೂ ಇಪ್ಪತ್ತೈದು ವರ್ಷಗಳಿಂದ ಹೆಕ್ಕಿದವಳು ಬೀಟ್ರಿಸ್. ಅಂಗಡಿಯಲ್ಲಿ ಅವನ ಕೆಲಸ ಟ್ರಾಲಿ ದೂಡುವುದಷ್ಟೇ.

ಈ ಸಲದ ಮಾತೇ ಬೇರೆ. ಮೇ ತಿಂಗಳ ಕೊನೆಯ ಶುಕ್ರವಾರ ಅವರ ಮದುವೆಯ ಬೆಳ್ಳಿಹಬ್ಬ. ಮನೆಯ ಹಾಲಿನ ಗೋಡೆಯಲ್ಲಿ ಮದುವೆಯ ಫೋಟೋ ಒಂದು ತೂಗುತ್ತಿತ್ತು, ಅದೇ ಟೆರೆನ್ಸನ ಜೀವನದ ದೊಡ್ಡ ಮುಳ್ಳು. ಅದರಲ್ಲಿ ಅವನು ತೊಟ್ಟಿದ್ದು ದೊಡ್ಡಪ್ಪನ ಮಗ ಸ್ಯಾವಿಯೋನಿಂದ ಎರವಲು ತಂದ ಕೋಟು. ಸ್ಯಾವಿಯೋ ಇವನಿಗಿಂತ ಒಂದು ಗೇಣು ಎತ್ತರ. ತೋಳು ಬೆರಳಿನ ತುದಿಯನ್ನೂ ದಾಟಿ ಇಳಿದಿದ್ದರಿಂದ ಫೋಟೋದಲ್ಲಿ ಮದುಮಗನಿಗೆ ಕೈಗಳೇ ಇಲ್ಲ. ಸ್ಯಾವಿಯೋ ಈಗ ಇರುವುದು ಇಲ್ಲೇ ಒಮಾನಿನ ನಿಜ್ವಾದಲ್ಲಿ. ಎಲ್ಲಿ ನಾಲ್ಕು ಜನ ಊರಿನವರು ಸೇರಿದರೂ ಅವನದು ಅದೇ ಮಾತು: “ಫೋಟೋದಲ್ಲಿ ಕೋಟು ನನ್ನದು, ಹೆಂಡತಿ ಮಾತ್ರ ಅವನದ್ದು.” ಇಪ್ಪತ್ತೈದು ವರ್ಷ ಈ ಒಂದೇ ಹಾಸ್ಯಕ್ಕೆ ಜನ ನಗುತ್ತಾ ಬಂದಿದ್ದಾರೆ. ಟೆರೆನ್ಸ್ ಕೂಡ ಹಲ್ಲು ಕಚ್ಚಿಕೊಂಡು ನಕ್ಕಿದ್ದಾನೆ.

ಆ ಫೋಟೋ ಇಳಿಯಬೇಕು. ಸ್ವಂತ ಮೈಗೆ ಅಳತೆ ಕೊಟ್ಟು, ಸ್ವಂತ ಕಣ್ಣಿಂದ ಆರಿಸಿದ ಸೂಟು ತೊಟ್ಟ ಟೆರೆನ್ಸ್ ಆ ಜಾಗಕ್ಕೆ ಏರಬೇಕು. ಅದೂ ಎಲ್ಲರಂತೆ ನಯವಾದ ಬಟ್ಟೆಯಲ್ಲ. ಒಂದು ತಿಂಗಳು ವಿಡಿಯೋ ನೋಡಿ ನೋಡಿ ಅವನು ಪಂಡಿತನಾಗಿದ್ದ. ಅಪ್ಪಟ ಉಣ್ಣೆ, ನೇಯ್ಗೆ ಎದ್ದು ಕಾಣಬೇಕು, ಕೈಯಾಡಿಸಿದರೆ ಬೆರಳಿಗೆ ತಾಗಬೇಕು.

“ಮೇ ತಿಂಗಳಲ್ಲಿ ಉಣ್ಣೆಯಾ?” ಎಂದು ಬೀಟ್ರಿಸ್ ಕೇಳದೆ ಇರಲಿಲ್ಲ.

“ಸೆಕೆ ಇರುವುದು ಹೊರಗೆ. ಪಾರ್ಟಿ ಹಾಲಿನ ಒಳಗೆ ಎ.ಸಿ. ಹೇಗಿರ್ತದೆ ಅಂತ ಗೊತ್ತುಂಟಲ್ಲ? ಹೋದ ಸಲ ನೀನೇ ಟೇಬಲ್ ಕ್ಲಾತ್ ಹೊದ್ದು ಕೂತಿದ್ದೆ.”



ಶನಿವಾರ ಬೆಳಿಗ್ಗೆ ಟೆರೆನ್ಸ್ “ಮೀನು ತರ್ಲಿಕ್ಕೆ ಹೋಗಿ ಬರ್ತೇನೆ” ಎಂದು ಹೊರಟ. ಹೋದದ್ದು ರೂವಿಯ ಬಟ್ಟೆ ಅಂಗಡಿಗೆ. ಸೂಟು ಹೊಲಿದು ಕೈಗೆ ಬಂದ ಮೇಲೆಯೇ ಹೆಂಡತಿಗೆ ತೋರಿಸಿ ದಂಗುಬಡಿಸಬೇಕು ಎಂಬುದು ಅವನ ಲೆಕ್ಕಾಚಾರ.

ಅಂಗಡಿಯ ವಯಸ್ಸಾದ ಸೇಠ್ ಎರಡು ಥಾನುಗಳನ್ನು ಬಿಡಿಸಿ ಹರಡಿದ. “ಮಛಲೀ ಕಾಂಟಾ, ಸಾಬ್,” ಎಂದ. ಅಂದರೆ ಮೀನಿನ ಮುಳ್ಳು. ನಡುವಿನ ಗೆರೆಯಿಂದ ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಇಳಿದ ನೇಯ್ಗೆ, ಬೂತಾಯಿ ಮೀನು ತಿಂದು ತಟ್ಟೆಯ ಅಂಚಿಗಿಟ್ಟ ಮುಳ್ಳಿನ ಹಾಗೆಯೇ ಇತ್ತು. ಒಂದು ಥಾನಿನಲ್ಲಿ ದೊಡ್ಡ ಮುಳ್ಳು, ಇನ್ನೊಂದರಲ್ಲಿ ಸಣ್ಣ ಮುಳ್ಳು. ಕರಾವಳಿಯ ರಕ್ತ! ಟೆರೆನ್ಸನಿಗೆ ನೋಡಿದ ಕೂಡಲೇ ಹೃದಯ ತುಂಬಿ ಬಂತು.

ತುಂಬಿ ಬಂದ ಹೃದಯ ಅಲ್ಲೇ ನಿಂತಿತು. ದೊಡ್ಡದೋ, ಸಣ್ಣದೋ? ಅರ್ಧ ಗಂಟೆ ಕಳೆಯಿತು. ಸೇಠ್ ಚಹಾ ತರಿಸಿದ. ಚಹಾ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ಟ್ರಾಲಿ ದೂಡಿ ಅಭ್ಯಾಸವಾದ ಕೈ ಯಾವ ಥಾನನ್ನೂ ಮುಂದೆ ಎಳೆಯದು. ಹೆಂಡತಿಯನ್ನು ಕೇಳೋಣವೆಂದರೆ ಘೋಷಣೆಯ ಮಾನ ಏನಾದೀತು?

ಆಗ ಅವನಿಗೆ ಹೊಳೆದದ್ದು ಮಹಾ ಉಪಾಯ. ಹೇಗೂ ತಾನು ಮೀನು ಮಾರ್ಕೆಟಿನಲ್ಲಿದ್ದೇನೆ ಎಂದೇ ಅವಳು ತಿಳಿದಿದ್ದಾಳೆ! ಮನೆಗೆ ಫೋನು ಮಾಡಿದ.

“ಬೀಟ್ರಿಸ್, ಇಲ್ಲಿ ಎರಡು ತರದ್ದು ಉಂಟು. ಒಂದು ದೊಡ್ಡ ಮುಳ್ಳಿನದ್ದು, ಒಂದು ಸಣ್ಣ ಮುಳ್ಳಿನದ್ದು. ಯಾವುದು ತೆಗೊಳ್ಳುವುದು?”

ಆಚೆ ಕಡೆ ತಿರುಗುತ್ತಿದ್ದ ಮಿಕ್ಸಿ ನಿಂತಿತು.

“ದೊಡ್ಡ ಮುಳ್ಳಿನದ್ದೇ ತೆಗೊಳ್ಳಿ. ಸಣ್ಣ ಮುಳ್ಳು ನಿಮ್ಮ ಮೈಗೆ ಆಗಿಬರುವುದಿಲ್ಲ.”

“ಬಣ್ಣ?”

“ಬೆಳ್ಳಿಯ ಹಾಗೆ ಸ್ವಲ್ಪ ಹೊಳೀಬೇಕು. ತೀರಾ ಕಪ್ಪು ಬೇಡ. ಮತ್ತೆ, ಕೈಯಲ್ಲಿ ಗಟ್ಟಿ ಒತ್ತಿ ನೋಡಿ. ಬಿಟ್ಟ ಕೂಡಲೇ ಮೊದಲಿನ ಹಾಗೆ ಆಗ್ಬೇಕು.”

ಟೆರೆನ್ಸ್ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟ. ಒಂದು ಸುಕ್ಕಿಲ್ಲದೆ ಅರಳಿಕೊಂಡಿತು.

“ಕಿವಿರು ನೋಡಿದ್ರಾ? ಕೆಂಪಿರಬೇಕು.”

ಬಟ್ಟೆಗೆ ಕಿವಿರು ಎಲ್ಲಿಂದ ಬರಬೇಕು? ಟೆರೆನ್ಸ್ ಥಾನಿನ ಅಂಚನ್ನು ಎತ್ತಿ ನೋಡಿದ. ಅಂಚಿನಲ್ಲಿ ಸಣ್ಣದೊಂದು ಕೆಂಪು ನೂಲು ಓಡಿತ್ತು. ದೇವರೇ ಕಣ್ಣು ಹೊಡೆದಂತಾಯಿತು ಅವನಿಗೆ.

“ಕೆಂಪು ಉಂಟು,” ಎಂದ.

“ಸರಿ ಹಾಗಾದರೆ. ಮೂಸಿಯೂ ನೋಡಿ. ಮತ್ತೆ ಅಲ್ಲೇ ತುಂಡು ಮಾಡಿಸಿ ತನ್ನಿ.”

ಟೆರೆನ್ಸ್ ಬಗ್ಗಿ, ಥಾನಿನ ಉದ್ದಕ್ಕೂ ಒಂದು ಸಲ ಮೂಸಿದ. ನಲವತ್ತು ವರ್ಷ ಬಟ್ಟೆ ಮಾರಿದ ಸೇಠ್ ಇಂಥದ್ದೊಂದು ಪರೀಕ್ಷೆಯನ್ನು ಕಂಡಿರಲಿಲ್ಲ. ಅವನೂ ಮೆಲ್ಲಗೆ ಬಗ್ಗಿ ಮೂಸಿದ. “ಏನಾದರೂ ದೋಷ ಉಂಟಾ ಸಾಬ್?” ಎಂದು ಹಿಂದಿಯಲ್ಲಿ ಕೇಳಿದ. ದೋಷವಿಲ್ಲವೆಂದು ಟೆರೆನ್ಸ್ ತೀರ್ಪು ಕೊಟ್ಟ. ಥಾನಿನ ಕೊನೆಯಲ್ಲಿ ಉಳಿದಿದ್ದದ್ದು ಸರಿಯಾಗಿ ಮೂರೂವರೆ ಮೀಟರ್. ಅದನ್ನೇ ಕತ್ತರಿಸಿ ಕಟ್ಟಿಕೊಟ್ಟರು.

ಸೂಟು ಹೊಲಿಯುವ ಹಕೀಂ ಭಾಯಿಯ ಅಂಗಡಿ ಮಧ್ಯಾಹ್ನ ಮುಚ್ಚಿದರೆ ತೆರೆಯುವುದು ನಾಲ್ಕೂವರೆಗೆ. ಸರಿ, ಬಟ್ಟೆ ಕಾರಿನ ಡಿಕ್ಕಿಯಲ್ಲಿ ಕಾಯಲಿ. ಆದರೆ ಮೀನು ತರುತ್ತೇನೆಂದವನು ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ? ಮಾರ್ಕೆಟಿಗೆ ಓಡಿದ. ಹೊತ್ತು ಮೀರಿತ್ತು, ಉಳಿದಿದ್ದು ಸಣ್ಣ ಮುಳ್ಳಿನ ಬೂತಾಯಿ ಮಾತ್ರ. ಐಸು ತುಂಬಿಸಿ, ಚೀಲ ಕಟ್ಟಿಸಿ, ಡಿಕ್ಕಿಯಲ್ಲಿಟ್ಟು ಮನೆ ಸೇರಿದ.

ಬೀಟ್ರಿಸ್ ಚೀಲ ಬಿಡಿಸಿ ನೋಡಿದಳು. “ದೊಡ್ಡ ಮುಳ್ಳಿನದ್ದು ಅಂದಿದ್ದೆ.”

“ಅದು ಖಾಲಿಯಾಯ್ತು,” ಎಂದ. ಅವಳು ಬೂತಾಯಿ ಶುಚಿ ಮಾಡಲು ಕೂತಳು. ಟೆರೆನ್ಸ್ ತನ್ನ ಬುದ್ಧಿವಂತಿಕೆಗೆ ತಾನೇ ತಲೆದೂಗುತ್ತಾ ಹೊಟ್ಟೆ ತುಂಬಾ ಉಂಡ.

ನಾಲ್ಕು ಗಂಟೆಗೆ ಕೆಳಗಿಳಿದು ಡಿಕ್ಕಿ ತೆರೆದವನು ಎರಡು ಹೆಜ್ಜೆ ಹಿಂದೆ ಸರಿದ. ಮೀನಿನ ಚೀಲ ದಾರಿಯಲ್ಲೇ ತೂತಾಗಿ ಸೋರಿತ್ತು. ಕರಗಿದ ಐಸು ಬೂತಾಯಿಯ ಸಾರವನ್ನೆಲ್ಲ ಹೊತ್ತು ಬಟ್ಟೆಯ ಕಟ್ಟಿನೊಳಗೆ ಇಳಿದಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಆ ಡಿಕ್ಕಿಯೊಳಗೆ ಮೂರು ಗಂಟೆ ಬೆಂದ ವಾಸನೆ ಹೇಗಿತ್ತೆಂದರೆ, ಪಕ್ಕದ ಗ್ಯಾರೇಜಿನ ಎರಡು ಬೆಕ್ಕುಗಳು ಎದ್ದು ಬಂದು ಬಂಪರಿನ ಕೆಳಗೆ ಕೂತವು.

ಬೀಟ್ರಿಸ್ ಮಲಗಿದ್ದಳು. ಟೆರೆನ್ಸ್ ಕಟ್ಟನ್ನು ಅಂಗಿಯೊಳಗೆ ಮುಚ್ಚಿಕೊಂಡು ಬಚ್ಚಲಿಗೆ ನುಗ್ಗಿದ. ಉಣ್ಣೆಯನ್ನು ತಣ್ಣೀರಿನಲ್ಲೇ ಒಗೆಯಬೇಕೆಂದು ಅವನು ವಿಡಿಯೋದಲ್ಲಿ ಕಲಿತಿದ್ದ. ತಣ್ಣೀರಿನ ನಲ್ಲಿ ತಿರುಗಿಸಿ ಬಕೆಟು ತುಂಬಿಸಿದ, ಅರ್ಧ ಬಾಟಲಿ ಶಾಂಪೂ ಸುರಿದ, ಬಟ್ಟೆ ಮುಳುಗಿಸಿ ಕಣ್ಣುಮುಚ್ಚಿ ತಿಕ್ಕಿದ.

ಆದರೆ ಸ್ವಾಮಿ, ಮಸ್ಕತ್ತಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ಎಂಬುದು ಬರೀ ಹೆಸರಿಗೆ. ಟೆರೇಸಿನ ಟ್ಯಾಂಕಿನಲ್ಲಿ ಹಗಲಿಡೀ ಕಾದ ನೀರು ಅದರಲ್ಲಿ ಹೊಗೆಯಾಡುತ್ತಾ ಬರುತ್ತದೆ. ತಣ್ಣೀರು ಬೇಕಾದವರು ಗೀಸರ್ ಆರಿಸಿಟ್ಟು ಬಿಸಿನೀರಿನ ನಲ್ಲಿಯನ್ನು ತಿರುಗಿಸಬೇಕು. ಇಪ್ಪತ್ತೆರಡು ವರ್ಷ ಇಲ್ಲಿದ್ದವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಗಾಬರಿಯಲ್ಲಿ ಕೈ ಸುಟ್ಟದ್ದೂ ತಿಳಿಯಲಿಲ್ಲ.

“ಡ್ಯಾಡ್, ಬ್ಲಾಂಕೆಟಿಗೆ ವೈ ಶಾಂಪೂ?” ಎಂದಳು ಬಾಗಿಲಲ್ಲಿ ನಿಂತ ಓಲಿವಿಯಾ.

ಬ್ಲಾಂಕೆಟ್! ಟೆರೆನ್ಸ್ ಕಣ್ಣು ಬಿಟ್ಟು ನೋಡಿದ. ಬಟ್ಟೆ ಕಂಬಳಿಯಾಗಿತ್ತು. ಟೆರೇಸಿಗೆ ಓಡಿ ಹಗ್ಗದ ಮೇಲೆ ಹಾಕಿದರೆ, ಬಿಸಿಲಿಗೆ ಹತ್ತೇ ನಿಮಿಷದಲ್ಲಿ ಅದು ದಪ್ಪಗಾಗಿ, ಬಿರುಸಾಗಿ, ಉದ್ದದಲ್ಲೂ ಅಗಲದಲ್ಲೂ ಕುಗ್ಗಿ ನಿಂತಿತು. ದೊಡ್ಡ ಮುಳ್ಳೆಲ್ಲ ಸಣ್ಣ ಮುಳ್ಳಾಗಿತ್ತು.

ಅವನಿಗೆ ನಿಜವಾಗಿಯೂ ಅಳು ಬಂತು. ಒಂದೇ ಒಂದು ವಸ್ತು, ಒಂದೇ ಒಂದು ಸಲ, ತಾನಾಗಿ ಆರಿಸಲು ಹೋಗಿ ಹೀಗಾಯಿತಲ್ಲ ಎಂದು ಹಗ್ಗ ಹಿಡಿದು ನಿಂತವನ ಬೆನ್ನ ಹಿಂದೆ ಬೀಟ್ರಿಸ್ ಬಂದು ನಿಂತಿದ್ದಳು. ಟೆರೆನ್ಸ್ ಎಲ್ಲವನ್ನೂ ಒಪ್ಪಿಸಿಬಿಟ್ಟ.

“ಬಟ್ಟೆ ಅಂಗಡಿಯಲ್ಲಿ ಇದ್ರಿ ಅಂತ ನನಗೆ ಗೊತ್ತಿತ್ತು,” ಎಂದಳು ಅವಳು.

“ಹೇಗೆ?”

“ಅಂಜಲ್ ಆದರೆ ಅಂಜಲ್ ಅಂತೀರಿ, ಬಂಗುಡೆ ಆದರೆ ಬಂಗುಡೆ. ಮೀನಿನ ಹೆಸರೇ ಎತ್ತದೆ ಬರೀ ಮುಳ್ಳು ವಿಚಾರಿಸುವ ಮಂಗಳೂರಿನವ ಯಾರಿದ್ದಾರೆ?”

“ಮತ್ತೆ ಮೂಸಿ ನೋಡ್ಲಿಕ್ಕೆ ಯಾಕೆ ಹೇಳಿದ್ದು?”

“ಮೂಸ್ತೀರಾ ಅಂತ ನೋಡ್ಲಿಕ್ಕೆ.”

“ಮೂಸಿದೆ.”

ಬೀಟ್ರಿಸ್ ಹಗ್ಗಕ್ಕೆ ಜೋತುಬಿದ್ದು ನಕ್ಕಳು. ಕಣ್ಣೀರು ಬರುವಷ್ಟು ನಕ್ಕು, ಕಡೆಗೆ ಆ ಬಟ್ಟೆಯ ಮೂಲೆಯಿಂದಲೇ ಕಣ್ಣೊರೆಸಿ, ವಾಸನೆಗೆ ಮುಖ ಹಿಂಡಿದಳು.

“ಬೇರೆ ಬಟ್ಟೆ ತರುವ. ನೀನೇ ಆರಿಸು,” ಎಂದ ಟೆರೆನ್ಸ್ ಸೋತ ದನಿಯಲ್ಲಿ.

“ಬೇಡ. ಇಷ್ಟು ವರ್ಷದಲ್ಲಿ ನೀವು ಮನಸ್ಸಿಟ್ಟು ಆರಿಸಿದ್ದು ಇದೊಂದೇ. ಇದರಲ್ಲಿ ಎಷ್ಟಾಗ್ತದೋ ಅಷ್ಟೇ ಹಾಕಿ.”

“ಒಂದೇ ಎಂತಕ್ಕೆ? ನಿನ್ನನ್ನೂ ನಾನೇ ಆರಿಸಿದ್ದು.”

“ಅದು ನಿಮ್ಮ ಅಮ್ಮ ಆರಿಸಿದ್ದು,” ಎಂದಳು. ಆದರೂ ಅವಳ ಮುಖ ಅರಳಿತ್ತು.

ಹಕೀಂ ಭಾಯಿ ಬಟ್ಟೆಯನ್ನು ಎಳೆದ, ತಟ್ಟಿದ, ಬೆಳಕಿಗೆ ಹಿಡಿದ. “ಇದನ್ನು ಸಾಬ್‌ಗೆ ಹೊಲಿಯುವುದಾ, ಒಂಟೆಗಾ?” ಎಂದು ಬೀಟ್ರಿಸಳನ್ನು ಕೇಳಿದ. ಪ್ಯಾಂಟಿನ ಆಸೆ ಅಲ್ಲಿಗೆ ಖಲಾಸ್. ಕೋಟು ಮಾತ್ರ ಆಗುತ್ತದೆ, ತೋಳು ಮೂರು ಬೆರಳು ಗಿಡ್ಡವಾಗುತ್ತದೆ ಎಂದ. ಆಗಲಿ ಎಂದರು ಇಬ್ಬರೂ.

ಬೆಳ್ಳಿಹಬ್ಬದ ದಿನ ಎ.ಸಿ.ಯ ಚಳಿಗೆ ಹಾಲಿನಲ್ಲಿದ್ದವರೆಲ್ಲ ನಡುಗುತ್ತಿದ್ದರೆ, ಹಳೆಯ ಕರಿ ಪ್ಯಾಂಟಿನ ಮೇಲೆ ಮೀನಿನ ಮುಳ್ಳಿನ ಕೋಟು ತೊಟ್ಟ ಟೆರೆನ್ಸ್ ಒಬ್ಬನೇ ಬೆಚ್ಚಗಿದ್ದ. ಸ್ಯಾವಿಯೋ ನಿಜ್ವಾದಿಂದ ಬಂದವನು ನೇರವಾಗಿ ತೋಳನ್ನೇ ನೋಡಿದ.

“ಈ ಸಲ ಯಾರದ್ದು ಮಾರಾಯ ಕೋಟು? ಓಲಿವಿಯಾಳದ್ದಾ?”

“ನನ್ನದೇ. ಬಟ್ಟೆ ಆರಿಸಿದ್ದೂ ನಾನೇ,” ಎಂದ ಟೆರೆನ್ಸ್ ಎದೆ ಉಬ್ಬಿಸಿ.

“ಹೌದು ಸ್ಯಾವಿಯೋ, ಮೂಸಿ ನೋಡಿಯೇ ಆರಿಸಿದ್ದಾರೆ,” ಎಂದಳು ಬೀಟ್ರಿಸ್.

ಸ್ಯಾವಿಯೋ ಬಗ್ಗಿ ಒಮ್ಮೆ ಮೂಸಿದ. ಅವನ ಹುಬ್ಬು ಮೇಲೇರಿತು.

“ಬೂತಾಯಿ,” ಎಂದ. ಹಾಲಿಗೆ ಹಾಲೇ ನಕ್ಕಿತು. ಎರವಲು ಕೋಟಿನ ಹಳೆಯ ಹಾಸ್ಯ ಅಂದಿಗೆ ತೀರಿಕೊಂಡಿತು, ಅದರ ಜಾಗಕ್ಕೆ ಹೊಸದು ಹುಟ್ಟಿತು.

ಮುಂದಿನ ವಾರ ಹೊಸ ಫೋಟೋ ಬಂತು. ಹಳೆಯದನ್ನು ಇಳಿಸಲು ಬೀಟ್ರಿಸ್ ಬಿಡಲಿಲ್ಲ, ಅದರ ಪಕ್ಕದಲ್ಲೇ ಮೊಳೆ ಹೊಡೆಸಿದಳು. ಇಬ್ಬರೂ ಹಿಂದೆ ಸರಿದು ನೋಡಿದರು. ಒಂದರಲ್ಲಿ ಟೆರೆನ್ಸನಿಗೆ ಕೈಗಳೇ ಇಲ್ಲ, ಇನ್ನೊಂದರಲ್ಲಿ ಮಣಿಕಟ್ಟಿನಿಂದ ಆಚೆಗೂ ಕೈಯೇ ಕೈ.

“ಅದರಲ್ಲಿ ನೀವು ನನ್ನ ಕೈ ಹಿಡಿದದ್ದು ಕಾಣುವುದೇ ಇಲ್ಲ,” ಎಂದಳು ಬೀಟ್ರಿಸ್ ಮೆಲ್ಲಗೆ. “ಇದರಲ್ಲಿ ಚಂದ ಕಾಣ್ತದೆ.”

ಇಷ್ಟು ಹೇಳಿದರೆ ಸಾಲದೇ? ಟೆರೆನ್ಸನ ಎದೆ ಮತ್ತೆ ಉಬ್ಬಿತು.

“ಹಾಗಾದರೆ ಈಗಲೇ ಹೇಳಿಬಿಡ್ತೇನೆ. ಇನ್ನು ಮುಂದೆ ಈ ಮನೆಯಲ್ಲಿ ಬಟ್ಟೆ ನಾನೇ ಆರಿಸುವುದು.”

“ಆರಿಸಿ,” ಎಂದಳು ಬೀಟ್ರಿಸ್. “ವಾಷಿಂಗ್ ಮೆಷಿನು ನಿಂತು ಅರ್ಧ ಗಂಟೆಯಾಯ್ತು. ಬಕೆಟು ಅಲ್ಲೇ ಉಂಟು, ಟೆರೇಸಿನ ಬೀಗದ ಕೈ ಮೇಜಿನ ಮೇಲೆ ಉಂಟು.”